ಹಿಟ್ಟಿನ ಡಬ್ಬದಲ್ಲಿರುವ ಪ್ಲಗ್

ಟೆಗನ್,

ನಿನ್ನ ಬೈಕಿನ ಸ್ಪಾರ್ಕ್ ಪ್ಲಗ್ ಹಿಟ್ಟಿನ ಡಬ್ಬದಲ್ಲಿದೆ. ರೇಸಿಗೆ ಹೋಗದಿರಲಿ ಅಂತ ಬಚ್ಚಿಟ್ಟವಳು ನಾನೇ. ಬೆಳಿಗ್ಗೆ ಬೈಕು ಗುಡುಗಿದಾಗ ಗೊತ್ತಾಯಿತು, ನೀರಿನ ಪಂಪಿನ ಪ್ಲಗ್ ಬಿಚ್ಚಿ ಹಾಕಿಕೊಂಡಿದ್ದೀಯ. ಅದನ್ನು ಮತ್ತೆ ಪಂಪಿಗೆ ಹಾಕಿ, ನಿನ್ನದನ್ನು ಬೈಕಿಗೆ ಹಾಕಿಕೊಂಡೇ ರೇಸಿಗೆ ಕೋಬಾರ್‌ಗೆ ಹೊರಡು, ಕುರಿಗಳ ತೊಟ್ಟಿ ಖಾಲಿಯಾಗಿದೆ.

ನಿನ್ನೆ ಕೇಳಿದೆಯಲ್ಲ, "ಅಮ್ಮಾ, ಕುರಿ ಹಿಂದೆ ಬೈಕ್ ಓಡಿಸಿದ್ರೆ ಕೆಲಸ, ಹೆಂಗಸರ ರೇಸಲ್ಲಿ ಓಡಿಸಿದ್ರೆ ಹುಚ್ಚಾ?" ಅಂತ. ಅದಕ್ಕೇ ಬೆಳಿಗ್ಗೆ ಸೂಜಿದಾರ ಹಿಡಿದು ಕೂತೆ.

ಅಣ್ಣನ ಎದೆಕವಚ ನಿನಗೆ ಬಿಗಿ. ಪಟ್ಟಿ ಉದ್ದ ಮಾಡಿ ಹೊಲಿದಿದ್ದೇನೆ. ಫ್ರಿಜ್ಜಿನಲ್ಲಿ ಕುರಿಮಾಂಸದ ಸ್ಯಾಂಡ್‌ವಿಚ್ ಇದೆ. ಮೊದಲ ತಿರುವಿನಲ್ಲೇ ನುಗ್ಗಬೇಡ ಅಂದರೆ ನೀನೇನು ಕೇಳುವವಳಾ!

ನಾನು ಉಣ್ಣೆ ಕತ್ತರಿಸುವವರಿಗೆ ಅಡುಗೆ ಮಾಡಲು ಹೊರಟೆ, ಅಲ್ಲಿ ಫೋನ್ ಸಿಗ್ನಲ್ ಇಲ್ಲ. ಸಂಜೆ ನಾನು ಬರುವಾಗ ಗೇಟಿನಿಂದಲೇ ಕಾಣುವ ಹಾಗೆ ಬೈಕನ್ನು ಅಂಗಳದಲ್ಲಿ ನಿಲ್ಲಿಸಿರು.

ಅಮ್ಮ