ಪರದೆ ಎದ್ದ ಮೇಲೆ ಕುಂಟಬಾರದು

ಕೆ.ಆರ್. ಪುರ, ಬೆಂಗಳೂರು
೧೮ ಮೇ ೨೦೨೪

ನನ್ನ ಪ್ರೀತಿಯ ಮಾನಕ್ಕನಿಗೆ,

ತಂಗಿ ವಿಮಲಾಕ್ಷಿ ಮಂಡಿಯೂರಿ ಮಾಡುವ ನಮಸ್ಕಾರಗಳು ಎಂದು ಬರೆಯಲು ಹೊರಟು ಕೈ ತಡೆದೆ. ಮಂಡಿ ಊರುವ ಯೋಗ ಈ ಜನ್ಮಕ್ಕೆ ಇದೆಯೋ ಇಲ್ಲವೋ. ಸದ್ಯಕ್ಕೆ ಮಂಚದ ಮೇಲಿಂದಲೇ ಕೈಮುಗಿದಿದ್ದೇನೆ, ಒಪ್ಪಿಸಿಕೋ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ನೀನು ಫೋನು ಮಾಡಿದಾಗಲೆಲ್ಲ ಚೆನ್ನಾಗಿದ್ದೇನೆ ಎಂದೆ. ಫೋನಿನಲ್ಲಿ ನನ್ನ ಗಂಟಲು ತಾನಾಗಿಯೇ ವೇಷ ಕಟ್ಟಿಕೊಳ್ಳುತ್ತದೆ, ಅಕ್ಕಾ. ಕಾಗದಕ್ಕೆ ಗಂಟಲಿಲ್ಲ. ಅದಕ್ಕೇ ಇದು.

ಮೊದಲಿನಿಂದ ಹೇಳುತ್ತೇನೆ. ನನ್ನ ಎಡಗಾಲು ಬಿಲ್ಲಿನಂತೆ ಹೊರಕ್ಕೆ ಬಾಗಿದ್ದು ನೀನು ಕಂಡದ್ದೇ. ವಿಮಾನಪುರದ ಕ್ಯಾಂಟೀನಿನಲ್ಲಿ ದಿನವಿಡೀ ನಿಂತು ರೊಟ್ಟಿ ಬಡಿದು ಬಡಿದು, ಸಂಧಿವಾತ ಮೊಣಕಾಲಿನ ಒಳಬದಿಯನ್ನೆಲ್ಲ ತಿಂದುಹಾಕಿತ್ತು. ಶಿವಾಜಿನಗರದ ಆಸ್ಪತ್ರೆಯ ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, ನಿಮಗಿನ್ನೂ ನಲವತ್ತಾರು, ಮಂಡಿಯನ್ನೇ ಬದಲಿಸುವ ವಯಸ್ಸಲ್ಲ, ಅದರ ಕೆಳಗಿನ ಎಲುಬನ್ನು ಕೊಯ್ದು ನೆಟ್ಟಗೆ ಮಾಡಿ ಪ್ಲೇಟು ಕೂರಿಸಿದರೆ ಭಾರವೆಲ್ಲ ಸವೆಯದ ಬದಿಗೆ ಹೋಗುತ್ತದೆ ಎಂದರು. ನಮ್ಮ ಮನೆಯವರು ಒಪ್ಪಲಿಲ್ಲ. ಬಾಗಿದ್ದರೂ ನಡೆಯುವ ಕಾಲು, ಯಾಕೆ ಕೊಯ್ಯಿಸಿಕೊಳ್ಳುತ್ತೀ ಎಂದರು. ತಿಂಗಳುಗಟ್ಟಲೆ ತೂಗಾಡಿದೆ. ಕೊನೆಗೊಂದು ದಿನ ಕ್ಯಾಂಟೀನಿನ ಮೆಟ್ಟಿಲಲ್ಲಿ ಸಾರಿನ ಪಾತ್ರೆಯೊಂದಿಗೆ ಉರುಳಿದೆ. ಮರುದಿನವೇ ಡಾಕ್ಟರ ಮುಂದೆ ನಿಂತು, ಕೊನೆಯ ಸಾಲಿನವನಿಗೂ ಕೇಳುವ ಧ್ವನಿಯಲ್ಲಿ, "ಕೊಯ್ಯಿರಿ ವೈದ್ಯರೇ, ಈ ವಕ್ರವನ್ನು ನೇರ ಮಾಡಿ" ಎಂದೆ. ಹೊರಗೆ ಕಾಯುತ್ತಿದ್ದ ರೋಗಿಗಳೆಲ್ಲ ಇಣುಕಿದರು.

ಆಪರೇಷನ್ ಚೆನ್ನಾಗಿಯೇ ಆಯಿತು. ಎಚ್ಚರವಾದಾಗ ಕಾಲು ನೋಡಿದೆ. ಮಂಟಪದ ಕಂಬದ ಹಾಗೆ ನೆಟ್ಟಗಿತ್ತು. ಸಂತೋಷಕ್ಕೆ ಅತ್ತೆ. ಎಲುಬು ಕೂಡುವ ತನಕ ಆ ಪಾದವನ್ನು ನೆಲಕ್ಕೆ ಊರಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿ, ವಾಕರ್ ಕೊಟ್ಟು ಮನೆಗೆ ಕಳಿಸಿದರು.

ಆಮೇಲೆ ಬಂದರು ನೋಡು ನಮ್ಮ ನಾಟಕ ಸಂಘದವರು. ಹಲಸೂರಿನಲ್ಲಿ ಪ್ರತಿವರ್ಷ ನಮ್ಮ ಕಡೆಯ ಜನ ಸೇರಿ ಆಡುವ ನಾಟಕಕ್ಕೆ ರಾಜಮಾತೆ ನಾನೇ ಅಲ್ಲವೇ. ಸಂಘದ ಯಜಮಾನ ಲಕ್ಷ್ಮಿಕಾಂತ ಹಣ್ಣು ಹಿಡಿದು ಬಂದವನು ಬಾಗಿಲಲ್ಲೇ ಜೊತೆಯವನಿಗೆ ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು: "ಈ ಸಲ ಆ ಪಾರ್ಟು ರೇವತಿಗೇ ಕೊಟ್ಬಿಡೋಣ ಗುರು. ಇವಳು ಏಳಲ್ಲ."

ಅಪ್ಪನ ನಾಟಕ ಕಂಪನಿಯ ಕಟ್ಟಳೆ ನಿನಗೆ ಗೊತ್ತು. ಪರದೆ ಎದ್ದ ಮೇಲೆ ಕುಂಟಬಾರದು. ಪಾದಕ್ಕೆ ಮೊಳೆ ಹೊಕ್ಕಿದ್ದರೂ ಹಾಡು ಮುಗಿಸಿ, ಸೈಡ್‌ವಿಂಗಿಗೆ ಬಂದ ಮೇಲೆಯೇ ಕುಸಿದವಳು ನೀನು. ಅವರ ಕಣ್ಣುಗಳೆಲ್ಲ ನನ್ನ ಮೇಲೆ ಬಿದ್ದೊಡನೆ ಪರದೆ ಎದ್ದಿತು, ಅಕ್ಕಾ. ವಾಕರನ್ನು ಅತ್ತ ತಳ್ಳಿದೆ. ಸೆರಗು ಹೊದ್ದು, ಎದೆಯೆತ್ತಿ, ಮಂಚದಿಂದ ಹೊಸ್ತಿಲವರೆಗೆ ರಾಜಮಾತೆಯಾಗಿ ನಡೆದೆ. ಚಪ್ಪಾಳೆ ಬಿತ್ತು. ಪಾರ್ಟು ನಿನ್ನದೇ ಎಂದು ಲಕ್ಷ್ಮಿಕಾಂತ ಮಾತು ಕೊಟ್ಟ. ಕಾಲೊಳಗೆ ಏನೋ ಕಟಕ್ಕೆಂದದ್ದು ಆ ಚಪ್ಪಾಳೆಯ ನಡುವೆ ನನಗೊಬ್ಬಳಿಗೇ ಕೇಳಿತು.

ಅಲ್ಲಿಂದಾಚೆ ಬರೀ ಸುಳ್ಳು. ಕಾಲಿಗೆ ವ್ಯಾಯಾಮ ಮಾಡಿಸಲು ಬರುವ ಅಲಿಯಾ ಎಂಬ ಹುಡುಗಿ ಪ್ರತಿಸಲವೂ ಕೇಳುತ್ತಿದ್ದಳು, "ಅಕ್ಕಾ, ಸಚ್ ಬೋಲೋ, ನೋವು ಐತಾ?" ನಾನು ಮುಗುಳ್ನಕ್ಕು ಇಲ್ಲವೆನ್ನುತ್ತಿದ್ದೆ. ನಂಬಿದಳು, ಪಾಪ. ನಂಬದಿದ್ದರೆ ನಾನೆಂಥ ನಟಿ. ದಿನ ತುಂಬಿತೆಂದು ಕಾಲಿಗೆ ಭಾರ ಹಾಕಿಸಿದಳು, ನಡೆಸಿದಳು. ನಡುವೆ ತೆಗೆಸಬೇಕಿದ್ದ ಎಕ್ಸ್-ರೇಯನ್ನೂ ನಾನು ನೆಪ ಹೇಳಿ ತಪ್ಪಿಸಿದೆ.

ಕಳೆದ ವಾರ ತೆಗೆದರು. ಎಲುಬು ಕೂಡಿಲ್ಲ, ಪ್ಲೇಟು ಮಣಿದಿದೆ, ಕಾಲು ಮತ್ತೆ ಬಿಲ್ಲಾಗಿದೆ. ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ಇಷ್ಟು ದಿನ ಹೇಗಮ್ಮಾ ತಡ್ಕೊಂಡ್ರಿ? ಕಿರುಚ್ಬೇಕಿತ್ತಲ್ಲ ನೀವು" ಎಂದರು. ಹಳೆಯ ಪ್ಲೇಟು ತೆಗೆದು, ಸೊಂಟದ ಎಲುಬಿನ ಚೂರು ತುಂಬಿ ಮತ್ತೆ ಕೂರಿಸಬೇಕಂತೆ. ಈ ಸಲವೂ ಕೂಡದಿದ್ದರೆ ಸ್ವಂತ ಕಾಲಿನ ಮೇಲೆ ನಿಲ್ಲುವ ಆಸೆಯನ್ನೇ ಬಿಡಬೇಕು. ಮುಂದಿನ ತಿಂಗಳ ಮೊದಲ ಗುರುವಾರ ಭರ್ತಿಯಾಗಲು ಹೇಳಿದ್ದಾರೆ. ಕತ್ತಿಯ ಭಯ ನನಗಿಲ್ಲ. ಆಮೇಲೆ ಯಾರೋ ಬಂದು ನೋವಿದೆಯಾ ಎಂದು ಕೇಳುತ್ತಾರೆ, ನಾನು ಮತ್ತೆ ನಗುತ್ತೇನೆ, ಭಯ ಅದರದು.

ಮೊಮ್ಮಗ ಹೆಜ್ಜೆಯಿಡುತ್ತಿದ್ದಾನೆಂದು ನೀನು ಬರೆದಿದ್ದೆ. ಆ ಪುಟ್ಟ ಕಾಲುಗಳು ನೆಟ್ಟಗೆ ಬೆಳೆಯಲಿ. ಬಿದ್ದಾಗ ಜೋರಾಗಿ ಅಳಲು ಬಿಡು, ಸುಮ್ಮನಾಗಿಸಬೇಡ. ನೀನು ತುಂಬು ಆಯುಸ್ಸು ಬಾಳು.

ಇತಿ ನಿನ್ನ ತಂಗಿ,
ವಿಮಲಿ

ತಾ.ಕ.: ಕಿರುಚಬೇಕಿತ್ತು ಎಂದರಲ್ಲ ಡಾಕ್ಟರು. ಕಿರುಚಿದ್ದೆ, ಅಕ್ಕಾ. ನನ್ನ ನಡಿಗೆ ನೋಡಿದ ಸಂಘದವರು ಹೊರಗೆ ಓಣಿಯಲ್ಲಿ ಟೀ ಕುಡಿಯುತ್ತ ನಿಂತಿದ್ದರು, ನಮ್ಮ ಮನೆಯವರೂ ಜೊತೆಗಿದ್ದರು. ನಾನು ಒಳಗೆ ನೆಲಕ್ಕೆ ಬಿದ್ದು, ಕಾಲು ಹಿಡಿದುಕೊಂಡು, ಹೊಟ್ಟೆಯ ಆಳದಿಂದ ಕೂಗಿದೆ. ಹೊರಗೆ ಮಾತು ನಿಂತಿತು. ಆಮೇಲೆ ನಗು. "ಒನ್ಸ್ ಮೋರ್" ಎಂದು ಒಬ್ಬರು ಕೂಗಿದರು. ಆ ಧ್ವನಿ ನಮ್ಮ ಮನೆಯವರದು. ಅಂದಿನಿಂದ ನೋವು ಎಂಬ ಮಾತು ನನ್ನ ಬಾಯಿಂದ ಹೊರಟಿಲ್ಲ. ಆ ಕೂಗು ನಿಜದ್ದೆಂದು ಅವರಿಗೆ ಇನ್ನೂ ಗೊತ್ತಿಲ್ಲ. ಚಿಕ್ಕಂದಿನಲ್ಲಿ ನನ್ನ ಆಟದ ಅಳು ಯಾವುದು, ನಿಜದ ಅಳು ಯಾವುದು ಎಂದು ತಿಳಿಯುತ್ತಿದ್ದುದು ನಿನಗೊಬ್ಬಳಿಗೇ. ಆ ಗುರುವಾರಕ್ಕೆ ಬಾ. ಮಂಚದ ಪಕ್ಕ ನಿಲ್ಲು. ಆಸ್ಪತ್ರೆಯವರು ನೋವಿದೆಯಾ ಎಂದು ಕೇಳಿದಾಗ, ನನ್ನ ಮುಖ ನೋಡಿ ನೀನು ಉತ್ತರ ಹೇಳು.