ಎಂಟು ಸಲ ಮೂವತ್ತಾರು ಪಾಯಿಂಟ್ ಎಂಟು

ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಿಂದ,
ತಾರೀಖು ಹದಿನಾಲ್ಕು, ಮಂಗಳವಾರ, ಮಧ್ಯಾಹ್ನ ಒಂದೂಕಾಲು

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ನೋಟ್ಸ್ ಬರೆದುಕೊಳ್ಳುವಂತೆ ನಟಿಸುತ್ತಿರುವ ಹೊಸಬರೇ, ಹಿಂದಿನ ಸಾಲಿನಲ್ಲಿ ಆ ನಟನೆಯ ಗೋಜಿಗೂ ಹೋಗದೆ ತೂಕಡಿಸುತ್ತಿರುವ ಹಳಬರೇ,

ಪ್ರೀತಿಯ ತಂಗೀ, ಹೀಗೆ ಶುರು ಮಾಡಿದರೆ ಸಾಕೇನೇ? ನಿನ್ನ ಮಣಿಕಟ್ಟಿನ ನೋವು ಹೇಗಿದೆ? ಪಟ್ಟಿ ಕಟ್ಟಿಕೊಂಡೇ ಟೈಪು ಮಾಡುತ್ತೀಯೋ, ಪಟ್ಟಿ ಬಿಚ್ಚಿಟ್ಟು ವೈದ್ಯರಿಗೆ ಸುಳ್ಳು ಹೇಳುತ್ತೀಯೋ? ಇಲ್ಲಿ ಅಮ್ಮ ಗಟ್ಟಿಯಾಗಿದ್ದಾಳೆ. ಇವತ್ತು ಬೆಳಗ್ಗೆ ನನ್ನ ಎದುರು ಕೂತು, "ತಟ್ಟೇನ ನೋಡ್ತಾ ಕೂತ್ರೆ ಹೊಟ್ಟೆ ತುಂಬುತ್ತೇನೋ?" ಅಂದಳು. ನಾನು ಚೆನ್ನಾಗಿದ್ದೇನೆ. ಫೋನು ಮಾಡದೆ ಕಾಗದ ಯಾಕೆ ಎಂದು ಕೇಳಬೇಡ. ನನ್ನ ಒಂದು ಹಲೋ ಕೇಳಿ ಜ್ವರ ಎಷ್ಟಿದೆ ಎಂದು ಹೇಳುವವಳು ನೀನು. ಇವತ್ತು ನನ್ನ ದನಿಯನ್ನು ನಿನ್ನ ಕಿವಿಗೆ ಕೊಡುವ ಧೈರ್ಯ ನನಗಿಲ್ಲ.

ನಿನ್ನ ತಂಡದ ಹೊಸಬರಿಗೆ ಓದಿ ಹೇಳಲು ವಿಂಡೋಸ್ ಪ್ರೋಗ್ರಾಮರುಗಳಿಗೆ ಉಪಯೋಗವಾಗುವ ನಾಲ್ಕು ಕಿವಿಮಾತು ಬರೆದುಕೊಡು ಎಂದು ತಿಂಗಳಿಂದ ಪೀಡಿಸುತ್ತಿದ್ದೀಯಲ್ಲ, ತಗೋ. ಮೊದಲನೆಯದು ಹೆಸರಿನ ವಿಚಾರ. ಅಂಕಿ ಇಡುವ ಖಾನೆಗಳಿಗೆ ಎ, ಬಿ, ಟೆಂಪ್, ಟೆಂಪ್ ಒಂದು, ಟೆಂಪ್ ಎರಡು ಎಂದು ಹೆಸರಿಟ್ಟು ಹೋದವರ ಕೋಡನ್ನು ನಾನು ಓದಿದ್ದೇನೆ. ಹೆತ್ತವರು ಅವರಿಗೆ ಹಾಗೆ ಹೆಸರಿಟ್ಟಿದ್ದರೆ ಗೊತ್ತಾಗುತ್ತಿತ್ತು. ಹೆಸರಿಡುವಾಗ ಉಳಿಸಿದ ಅಕ್ಷರ, ಹುಡುಕುವಾಗ ಕಳೆದ ಸಂವತ್ಸರ. ಎರಡನೆಯದು, ಪರದೆಯನ್ನು ನೋಡಿಕೊಳ್ಳುವ ಥ್ರೆಡ್ಡಿಗೆ, ಅಂದರೆ ಪ್ರೋಗ್ರಾಮಿನೊಳಗೆ ಆ ಒಂದೇ ಕೆಲಸಕ್ಕಿಟ್ಟ ಆಳಿಗೆ, ಬೇರೆ ಭಾರ ಹೊರಿಸಬಾರದು. ದೊಡ್ಡ ಫೈಲು ಓದುವ ಕೆಲಸವನ್ನೂ ಅದಕ್ಕೇ ಹಚ್ಚಿದರೆ ಪರದೆಯ ಮೇಲಿನ ಕಿಟಕಿ ಬೆಳ್ಳಗಾಗಿ ನಿಂತುಬಿಡುತ್ತದೆ, ಕೂತವರು ಮೌಸನ್ನು ಮೇಜಿಗೆ ಕುಟ್ಟುತ್ತಾರೆ. ಕಿಟಕಿ ಕಾಯುವವನ ತಲೆಗೆ ಮೂಟೆ, ಆಮೇಲೆ ನಿಮಗೆ ತರಾಟೆ. ಮೂರನೆಯದು, ಅಡ್ಮಿನಿಸ್ಟ್ರೇಟರ್ ಲಾಗಿನ್ನಿನಲ್ಲಿ ಕೂತು ಪರೀಕ್ಷೆ ಮಾಡಿ ಎಲ್ಲ ಸರಿಯಿದೆ ಅನ್ನಬೇಡಿ. ನಿಮ್ಮ ಪ್ರೋಗ್ರಾಮನ್ನು ಬಳಸುವವರ ಸಾಮಾನ್ಯ ಲಾಗಿನ್ನಿನಲ್ಲಿ ಒಮ್ಮೆ ಓಡಿಸಿ ನೋಡಿ. ಯಜಮಾನರಿಗೆ ಎಲ್ಲ ಸಲೀಸು, ದಾದಿಯರಿಗೆ ಅನುಮತಿಯೇ ಮಿಸ್ಸು. ಇಲ್ಲಿ ಸಭಿಕರು ಚಪ್ಪಾಳೆ ತಟ್ಟಬಹುದು.

ನಾಲ್ಕನೆಯದಕ್ಕೆ ಪ್ರಾಸ ಸಿಕ್ಕಿಲ್ಲ. ಬೆಳಗಿನಿಂದ ಹುಡುಕುತ್ತಿದ್ದೇನೆ.

ನಿನಗೆ ಜ್ಞಾಪಕವಿದೆಯಲ್ಲ, ಕನ್ನಡ ಮೀಡಿಯಮ್ಮಿನಲ್ಲಿ ಪದವಿ ಮುಗಿಸಿ ನಾನು ಮೊದಲ ಕೆಲಸಕ್ಕೆ ಸೇರಿದ ವಾರವೇ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪೆಟ್ಟಿಗೆ ಬಂತು. ಈ ಪ್ರೋಗ್ರಾಮು ಕಾನೂನುಬಾಹಿರ ಕೃತ್ಯ ಎಸಗಿದೆ, ಆದ್ದರಿಂದ ಮುಚ್ಚಲಾಗುವುದು ಎಂದು. ಆಗಿನ ವಿಂಡೋಸ್ ಹಾಗೇ ಹೇಳುತ್ತಿತ್ತು. ನಾನು ಮನೆಗೆ ಬಂದು ನಿಘಂಟು ತೆಗೆದು ಆ ಶಬ್ದ ನೋಡಿ, ಎರಡು ದಿನ ಹೊರಗೆ ಜೀಪಿನ ಸದ್ದಾದಾಗಲೆಲ್ಲ ಹಿತ್ತಲ ಕಡೆ ಹೋಗಿ ನಿಂತೆ. ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಾನು ಮಾತ್ರ ಆವತ್ತು ತೀರ್ಮಾನ ಮಾಡಿದೆ: ನನ್ನ ಪ್ರೋಗ್ರಾಮು ಯಾರನ್ನೂ ಹೆದರಿಸಬಾರದು. ಅಂಥ ಒಳ್ಳೆಯ ಮನಸ್ಸಿನಿಂದ ಹುಟ್ಟುವ ತಪ್ಪೇ ನಾಲ್ಕನೆಯ ಕಿವಿಮಾತು. ಅದನ್ನು ನನ್ನ ಪಕ್ಕದ ಕುರ್ಚಿಯವನ ಉದಾಹರಣೆ ಕೊಟ್ಟು ಹೇಳುತ್ತೇನೆ. ಅವನ ವಿಷಯ ನಿನಗೆ ಹಿಂದೆ ಬರೆದಿಲ್ಲ, ಹೇಳಿಕೊಳ್ಳುವಂಥ ಆಸಾಮಿಯೇನಲ್ಲ.

ನಮ್ಮ ಆಸ್ಪತ್ರೆಯಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಗಳು ಆರಿವೆ. ಹಳೆಯವು, ಅವುಗಳಿಗೆ ಸ್ವಂತ ಗಂಟೆಯಿಲ್ಲ. ಪ್ರತಿ ಮಗುವಿನ ಮೈಗೆ ಅಂಟಿಸಿದ ತಂತಿ ದಾದಿಯರ ಮೇಜಿನ ಕಂಪ್ಯೂಟರಿಗೆ ಮೈಬಿಸಿ ಎಷ್ಟೆಂದು ಹೇಳುತ್ತದೆ. ಆರು ಅಂಕಿಗಳನ್ನು ಹಸಿರಿನಲ್ಲಿ ತೋರಿಸುವುದು, ಬಿಸಿ ಇಳಿದರೆ ಕೆಂಪಾಗಿ ಗಂಟೆ ಬಾರಿಸುವುದು, ಇಷ್ಟೇ ಪಕ್ಕದ ಕುರ್ಚಿಯವನು ಬರೆದ ಪ್ರೋಗ್ರಾಮು. ಮೊದಮೊದಲು ತಂತಿ ಅರೆಕ್ಷಣ ತಡವರಿಸಿದರೂ ಪರದೆಯ ತುಂಬ ಇಂಗ್ಲಿಷಿನ ಪೆಟ್ಟಿಗೆ, ಜೊತೆಗೆ ಗಂಟೆ. ಆ ವಾರ್ಡಿನ ಹಿರಿಯ ದಾದಿಯನ್ನು ಎಲ್ಲರೂ ದೊಡ್ಡ ಸಿಸ್ಟರ್ ಅನ್ನುತ್ತಾರೆ, ಇಪ್ಪತ್ತೆರಡು ವರ್ಷದ ಸರ್ವಿಸು. ಆಕೆ ಬಂದು, "ನಿಮ್ ಗಂಟೆ ಮಕ್ಕಳನ್ನ ಅಳಿಸುತ್ತೆ ಸಾರ್, ಮಕ್ಕಳು ನನ್ನ ಅಳಿಸ್ತಾರೆ. ಏನಾದ್ರೂ ಮಾಡಿ ಇದರ ಬಾಯಿ ಮುಚ್ಸಿ" ಅಂದರು. ಅವನು ಮುಚ್ಚಿಸಿದ. ಪ್ರೋಗ್ರಾಮು ಎಡವಿದಾಗ ಏನು ಮಾಡಬೇಕೆಂದು ಬರೆಯಲು ಕ್ಯಾಚ್ ಎಂಬ ಜಾಗ ಇರುತ್ತದೆ ತಾನೆ, ಆ ಜಾಗವನ್ನು ಖಾಲಿ ಬಿಟ್ಟ. ತಂತಿಯಿಂದ ಉತ್ತರ ಬರದಿದ್ದರೆ ಸದ್ದಿಲ್ಲ, ಪರದೆಯ ಮೇಲೆ ಇಂಗ್ಲಿಷಿನ ಪೆಟ್ಟಿಗೆಯೂ ಇಲ್ಲ. ಹಿಂದಿನ ಅಂಕಿ ಹಸಿರಿನಲ್ಲಿ ಹಾಗೇ ಕೂತಿರುತ್ತದೆ. ಅರೆಕ್ಷಣದ ತಡವರಿಕೆಗೆ ಅದು ಸರಿಯೇ. ಅರೆಕ್ಷಣ ಒಂದು ಗಂಟೆಯಾದರೆ ಏನು ಎಂದು ಅವನು ಯೋಚಿಸಲಿಲ್ಲ. ಬದಲಿಗೆ, ಪ್ರಾಸದ ಚಟ ಅವನಿಗೂ ಇರುವುದರಿಂದ, ಆ ಖಾಲಿ ಜಾಗದ ಮೇಲೆ ಒಂದು ಟಿಪ್ಪಣಿ ಬರೆದ: ದೋಷ ಬಂದರೆ ಬರಲಿ, ಹೆದರಿಕೆ ದೂರವಿರಲಿ. ಮಾರನೆಯ ವಾರ ದೊಡ್ಡ ಸಿಸ್ಟರ್ ಮೆಟ್ಟಿಲ ಹತ್ತಿರ ಸಿಕ್ಕಿ, "ಈಗ ನೋಡಿ, ಬಂಗಾರದಂಥ ಪ್ರೋಗ್ರಾಂ" ಎಂದರಂತೆ. ಅವನು ಮೂರು ದಿನ ಉಬ್ಬಿಕೊಂಡು ಓಡಾಡಿದ.

ನಿನ್ನೆ ಬೆಳಗ್ಗೆ ಒಂಬತ್ತು ಗಂಟೆಯ ಸುಮಾರಿಗೆ ನೆಲ ಒರೆಸುವಾಗ ಮೂರನೇ ಪೆಟ್ಟಿಗೆಯ ಪ್ಲಗ್ಗು ಸಡಿಲವಾಯಿತು. ಬಿಸಿಯೂ ನಿಂತಿತು, ತಂತಿಯೂ ಸುಮ್ಮನಾಯಿತು. ಅದೇ ಹೊತ್ತಿಗೆ ಐದನೇ ಪೆಟ್ಟಿಗೆಯ ಮಗುವಿಗೆ ಉಸಿರಿನ ತೊಂದರೆ. ದೊಡ್ಡ ಸಿಸ್ಟರ್ ಅಲ್ಲೇ ನಿಂತು, ಹತ್ತು ನಿಮಿಷಕ್ಕೊಮ್ಮೆ ಕತ್ತು ತಿರುಗಿಸಿ ಪರದೆ ನೋಡಿ, ರಿಜಿಸ್ಟರಿನಲ್ಲಿ ಬರೆಯುತ್ತಾ ಹೋದರು. ಮೂರನೇ ಪೆಟ್ಟಿಗೆ, ಮೂವತ್ತಾರು ಪಾಯಿಂಟ್ ಎಂಟು. ಮತ್ತೆ ಮೂವತ್ತಾರು ಪಾಯಿಂಟ್ ಎಂಟು. ಹೀಗೆ ಎಂಟು ಸಲ. ಆಮೇಲೆ ಬಿಡುವಾಗಿ ಪೆಟ್ಟಿಗೆಯೊಳಗೆ ಕೈಯಿಟ್ಟು ಪಾದ ಮುಟ್ಟಿದರೆ ಕಲ್ಲಿನಷ್ಟು ತಣ್ಣಗಿತ್ತಂತೆ. ಒಂದು ಕಿಲೋ ನಾನೂರು ಗ್ರಾಮಿನ ಮಗು, ತಂಗಿ. ಹೆಣ್ಣು. ಈಗ ಉಸಿರಾಟದ ಯಂತ್ರದಲ್ಲಿದೆ. ವೈದ್ಯರು, "ಇನ್ನೆರಡು ದಿನ ಏನೂ ಹೇಳಕ್ಕಾಗಲ್ಲ" ಅಂದಿದ್ದಾರೆ. ಪರದೆಯನ್ನು ಆರಿಸಿ, ಎಲ್ಲ ಮಕ್ಕಳಿಗೂ ಕೈಯಿಂದಲೇ ಥರ್ಮಾಮೀಟರ್ ಇಡುತ್ತಿದ್ದಾರೆ, ಅದಕ್ಕಾದರೂ ಸಮಾಧಾನ.

ಇನ್ನು ತಮಾಷೆ ಕೇಳು. ಆಡಳಿತಾಧಿಕಾರಿ ರಿಜಿಸ್ಟರು ತರಿಸಿ ನೋಡಿದರು. ಬದುಕಿರುವ ಮಗುವಿನ ಮೈಬಿಸಿ ಒಮ್ಮೆ ಪಾಯಿಂಟ್ ಏಳು, ಒಮ್ಮೆ ಪಾಯಿಂಟ್ ಒಂಬತ್ತು ಅಂತ ಆಡುತ್ತಿರುತ್ತದೆ. ಎಂಟು ಸಲ ಒಂದೇ ಅಂಕಿ ಬರುವುದುಂಟೇ? ಆದ್ದರಿಂದ ಈಕೆ ನೋಡದೆಯೇ, ಕೂತಲ್ಲೇ ಬರೆದಿದ್ದಾಳೆ ಎಂದು ತೀರ್ಮಾನ. "ನಾನು ಕಣ್ಣಾರೆ ನೋಡಿ ಬರ್ದಿದ್ದೀನಿ ಸಾರ್, ಅಷ್ಟೇ ತೋರಿಸ್ತಿತ್ತು" ಎಂದು ಆಕೆ ಹೇಳಿದ್ದು ಹೊರಗಿನ ಬೆಂಚಿನವರೆಗೂ ಕೇಳಿಸಿತು. ಒಳಗಿದ್ದವರು, "ಇಷ್ಟು ವರ್ಷದ ಸರ್ವಿಸಲ್ಲಿ ಸುಳ್ಳು ಹೇಳೋದನ್ನಾದ್ರೂ ಸರಿಯಾಗಿ ಕಲೀಬೇಕಿತ್ತು" ಅಂದರು. ಆಕೆ ನಿಜ ಬರೆದದ್ದೇ ಆಕೆಯ ಕುತ್ತಿಗೆಗೆ ಬಂತು. ಇವತ್ತು ಮೂರು ಗಂಟೆಗೆ ವಿಚಾರಣೆ, ಕೆಲಸ ಹೋಗುವುದು ಖಂಡಿತ ಅನ್ನುತ್ತಿದ್ದಾರೆ. ಅದಕ್ಕೆ ಮೊದಲು ನಮ್ಮ ಕೋಣೆಯಿಂದ ಒಂದು ಕಾಗದ ಬೇಕಂತೆ. ಗುಮಾಸ್ತರು ಫೋನು ಮಾಡಿ, "ಕಂಪ್ಯೂಟರ್ ಸರಿಯಾಗಿತ್ತು ಅಂತ ಒಂದೇ ಒಂದು ಸಾಲು ಬರ್ಕೊಡಿ ಮಾರಾಯ್ರೆ, ಸಹಿ ಹಾಕಿ, ಮುಗೀತು" ಅಂದರು.

ಪಕ್ಕದ ಕುರ್ಚಿಯವನು ಬೆಳಗಿನಿಂದ ಆ ಫೈಲನ್ನು ತೆರೆದುಕೊಂಡು ಕೂತಿದ್ದಾನೆ. ಖಾಲಿ ಜಾಗದಲ್ಲಿ ಕರ್ಸರು ಮಿಣುಕುತ್ತಿದೆ. ಎರಡು ಸಾಲು ಸೇರಿಸಿದರೆ ಸಾಕು, ಪ್ರೋಗ್ರಾಮು ಸರಿಹೋಗುತ್ತದೆ. ಮೊದಲಿನಿಂದಲೂ ಸರಿಯಾಗಿತ್ತು ಎಂದು ಯಾರು ಬೇಕಾದರೂ ನಂಬುತ್ತಾರೆ. ಈ ಭಾಷೆ ಓದಬಲ್ಲವರು ಈ ಕಟ್ಟಡದಲ್ಲಿ ಬೇರೆ ಯಾರೂ ಇಲ್ಲ. ಹೊರಗೆ ಚಪ್ಪಲಿ ಸದ್ದಾದರೆ ಫೈಲು ಮುಚ್ಚುತ್ತಾನೆ, ಸದ್ದು ದಾಟಿಹೋದರೆ ತೆರೆಯುತ್ತಾನೆ. ಹಿತ್ತಲಿಗೆ ಓಡಿ ನಿಲ್ಲೋಣವೆಂದರೆ ಇಲ್ಲಿ ಹಿತ್ತಲೂ ಇಲ್ಲ. ಎದ್ದುಹೋಗಿ ನಿಜ ಹೇಳಲು ಕಾಲು ಬರುತ್ತಿಲ್ಲ, ಎರಡು ಸಾಲು ಸೇರಿಸಲು ಬೆರಳು ಬರುತ್ತಿಲ್ಲ.

ಐದನೆಯ ಮತ್ತು ಕೊನೆಯ ಕಿವಿಮಾತು, ಇದನ್ನು ನಿನ್ನ ಹೊಸಬರಿಗೆ ಎರಡು ಸಲ ಓದು. ತಿದ್ದುವ ಮೊದಲು, ತಪ್ಪು ಹೇಗಿತ್ತೋ ಹಾಗೇ ಒಂದು ಪ್ರತಿ ತೆಗೆದಿಡಬೇಕು. ಅದನ್ನು ಅದೇ ಯಂತ್ರದಲ್ಲಿ ಇಡಬಾರದು. ಬೇರೆ ಜಾಗದಲ್ಲಿ, ತಿದ್ದುವವನ ಕೈಗೆ ಎಟುಕದ ಕಡೆ, ಅವನು ಆಮೇಲೆ ಮನಸ್ಸು ಬದಲಿಸಿದರೂ ಅಳಿಸಲಾಗದ ಕಡೆ ಇಡಬೇಕು. ಇಲ್ಲಿಗೆ ನನ್ನ ನಾಲ್ಕು ಮಾತು ಐದಾಗಿ, ಸಭಿಕರ ತಾಳ್ಮೆಗೆ ವಂದಿಸಿ ಕೂರುತ್ತೇನೆ. ಮಣಿಕಟ್ಟಿಗೆ ಬಿಸಿನೀರಿನ ಶಾಖ ಕೊಡು, ಪಟ್ಟಿ ಬಿಚ್ಚಬೇಡ. ಭಾವನವರಿಗೆ ನನ್ನ ನೆನಪು ಹೇಳು. ಮಕ್ಕಳ ಕೆನ್ನೆಗೆ, ಕೈಗೆ, ಪಾದಕ್ಕೆ ಒಂದೊಂದು ಮುತ್ತು.

ನಿನ್ನ
ಅಣ್ಣ

ಮರೆತಿದ್ದೆ. ಈ ಕಾಗದದ ಹಿಂದೆ ಆ ಕೋಡಿನ ಒಂದು ಪುಟವನ್ನು, ಖಾಲಿ ಜಾಗ, ಟಿಪ್ಪಣಿ, ತಾರೀಖು ಎಲ್ಲ ಇದ್ದ ಹಾಗೇ ಮುದ್ರಿಸಿ ಪಿನ್ ಮಾಡಿದ್ದೇನೆ. ಸಭೆಯಲ್ಲಿ ತೋರಿಸಬೇಡ, ಎತ್ತಿಡು. ಗೇಟಿನ ಅಂಚೆಪೆಟ್ಟಿಗೆಯನ್ನು ಎರಡೂವರೆಗೆ ಬಿಚ್ಚುತ್ತಾರೆ, ಅದಕ್ಕೆ ಮೊದಲು ಹಾಕಿ ಬರುತ್ತೇನೆ. ಮೂರು ಗಂಟೆಗೆ ಅವರೆಲ್ಲರ ಮುಂದೆ ನಾಲಿಗೆ ಹೊರಳದೆ ನಾನು ಆ ಒಂದು ಸಾಲಿಗೆ ಸಹಿ ಹಾಕಿಬಿಟ್ಟರೆ, ಈ ಪುಟವನ್ನು ನೀನೇ ಆಡಳಿತಾಧಿಕಾರಿಗೆ ಕಳಿಸಬೇಕು. ಈ ಕಾಗದ ಕೈಸೇರಿದೊಡನೆ ಫೋನು ಮಾಡು, ಸಹಿ ಹಾಕಿದೆನೋ ಇಲ್ಲವೋ ನನ್ನ ಒಂದು ಹಲೋದಲ್ಲೇ ನಿನಗೆ ಗೊತ್ತಾಗುತ್ತದೆ. ಅಣ್ಣ ಅಂತ ನೋಡಬೇಡ. ಪಕ್ಕದ ಕುರ್ಚಿಯಲ್ಲಿ ಯಾರೂ ಇಲ್ಲ ಕಣೇ. ಎರಡು ವರ್ಷದಿಂದ ಅದರ ಮೇಲೆ ಹಳೆ ಕೀಬೋರ್ಡು ಪೇರಿಸಿಟ್ಟಿದ್ದೇನೆ.