ಕುದುರೆಗೆ ಬ್ರೇಕ್ ಇಲ್ಲ

ಅಪ್ಪಾ,

ನಿನ್ನೆ ನನ್ನ ಗೇಮ್‌ನ ಸೇವ್, ಇಷ್ಟು ದಿನ ಆಡಿದ್ದೆಲ್ಲ, ಅಳಿಸಿಹೋಯಿತು. ಹೊಸದಾಗಿ ಶುರುಮಾಡಿದರೆ ಮ್ಯಾಪ್ ಪೂರ್ತಿ ಕಪ್ಪು. ಒಂದು ಊರನ್ನು ಒಮ್ಮೆ ದಾರಿ ಹಿಡಿದು ಮುಟ್ಟಿದ ಮೇಲಷ್ಟೇ ಅಲ್ಲಿಗೆ ಫಾಸ್ಟ್ ಟ್ರಾವೆಲ್ ಸಿಗುತ್ತದೆ. ಬಟನ್ ಒತ್ತಿ ಊರಿಂದೂರಿಗೆ ನೇರ ಹಾರುತ್ತಿದ್ದವನಿಗೆ ಕುದುರೆಯೇ ಗತಿಯಾಯಿತು.

ಅಮ್ಮ ಬಟ್ಟೆ ಮಡಚುತ್ತಾ ಟಿವಿಯಲ್ಲಿ ನನ್ನ ಆಟ ನೋಡಿದಳು. "ಓಹೋ, ಇದ್ರಲ್ಲಿ ದಾರೀನೂ ಇದೆಯಾ? ನಿಮ್ಮಪ್ಪ ಕೇಳ್ದಾಗ ಎಲ್ಲಿ ಹೋಗಿತ್ತೋ?" ಎಂದಳು.

ಎದೆನೋವು ಬಂದು ಲಾರಿ ಓಡಿಸುವುದನ್ನು ಬಿಟ್ಟ ಮೇಲೆ ನೀನು ನನ್ನ ಹಿಂದಿನ ಕುರ್ಚಿಯಲ್ಲಿ ಕೂತು, "ಮಧ್ಯದ ರಸ್ತೆ ಸ್ವಲ್ಪ ತೋರ್ಸೋ" ಎನ್ನುತ್ತಿದ್ದೆ. ಅಪರೂಪಕ್ಕೆ ತೋರಿಸಿದರೆ, ಇಳಿಜಾರಿನ ತಿರುವು ಬಂದಾಗಲೆಲ್ಲ ನಿನ್ನ ಬಲಗಾಲು ನೆಲ ಒತ್ತುತ್ತಿತ್ತು. "ಕುದುರೆಗೆ ಬ್ರೇಕ್ ಇಲ್ಲಪ್ಪಾ" ಎಂದು ನಾನು ನಗುತ್ತಿದ್ದೆ. ಮರುಗಳಿಗೆಯೇ ಮ್ಯಾಪ್ ತೆರೆದು ಹಾರಿಬಿಡುತ್ತಿದ್ದೆ.

ಈಗಲೂ ದಾರಿ ನೋಡುತ್ತಲೇ ಹೋಗಬೇಕೆಂಬ ನಿನ್ನ ಆಸೆಯೇ ಸರಿ ಎನ್ನಲಾರೆ. ಒಂದೇ ದಾರಿಯನ್ನು ದಿನಾ ಸವೆಸುವುದು ನನ್ನ ಕೈಲಾಗದು. ಸ್ಕೂಲನ್ನೂ ಅದಕ್ಕೇ ಬಿಟ್ಟೆ. ಆದರೆ ನಿನ್ನೆ ಆಟದಲ್ಲಿ ಸೇತುವೆಯ ಹತ್ತಿರ ಚಕ್ರ ಕಳಚಿದ ಗಾಡಿಯವನೊಬ್ಬ ಸಿಕ್ಕಿದ. ಇಷ್ಟು ಕಾಲ ಅವನ ತಲೆಯ ಮೇಲೇ ಹಾರಿಹೋಗಿದ್ದೇನೆ. ಅಲ್ಲಿ ಒಬ್ಬನಿದ್ದಾನೆಂದೇ ಗೊತ್ತಿರಲಿಲ್ಲ. ನೀನಾಗಿದ್ದರೆ "ಇಳಿದು ಜಾಕ್ ಕೊಡೋ" ಎನ್ನುತ್ತಿದ್ದೆ.

ಕೊನೆಗೆ ಊರು ಮುಟ್ಟಿದೆ, ಹಾರುವ ಬಟನ್ನೂ ಬಂತು. ನಾಳೆಯಿಂದ ಒತ್ತುತ್ತೇನೆ, ಸುಳ್ಳೇಕೆ? ನಿನ್ನೆ ಮಾತ್ರ, ನೀನು ತೀರಿಕೊಂಡ ಮೇಲೆ ಯಾರೂ ಕೂರದ ನಿನ್ನ ಕುರ್ಚಿಯಲ್ಲಿ ಕೂತು, ಬಂದ ದಾರಿಯಲ್ಲೇ ಕುದುರೆಯ ಮೇಲೇ ವಾಪಸ್ ಬಂದೆ. ಇಳಿಜಾರಿನಲ್ಲಿ ನನ್ನ ಕಾಲೂ ನೆಲ ಒತ್ತಿತು.